ಸಾಲಿಗೊಂದು ಹೂವು

ಅಚ್ಯುತನ ಕಷ್ಟಕ್ಕೆಲ್ಲ ಕಾರಣ ಅವನು ಬಾಳೆಹಣ್ಣು ಸುಲಿಯುತ್ತ ಕೊಟ್ಟ ಒಂದು ಉತ್ತರ.

ಹೋದ ವಾರ ಬೆಳಿಗ್ಗೆ ತಿಂಡಿಗೆ ಬೇರೇನೂ ಇಲ್ಲವೆಂದು ಅಡಿಗೆಮನೆಯಲ್ಲಿ ನಿಂತೇ ಬಾಳೆಹಣ್ಣು ಸುಲಿಯುತ್ತಿದ್ದಾಗ, ಬೇ ಏರಿಯಾದ ಸ್ಯಾನ್ ರಮೋನಿನ ಆಶಾಲತಾ ಪೈ ಅವರಿಂದ ವಾಟ್ಸ್ಆ್ಯಪಿಗೆ ಒಂದು ಫೋಟೋ ಬಂತು. ಯಾವುದೋ ಹಳೆಯ ಲ್ಯಾಟಿನ್ ಹಸ್ತಪ್ರತಿಯಿಂದ ಕಳಚಿದ ಒಂದು ಬಿಡಿಹಾಳೆ. ಇವರು ತಂದಿಟ್ಟದ್ದು, ಇದರಲ್ಲಿ ಎಂತ ಬರೆದುಂಟು ನೋಡಿ ಹೇಳು ಎಂದು ಕೆಳಗೆ ಕೇಳಿದ್ದರು. ಫೋಟೋ ಹೆಬ್ಬೆರಳಿನಷ್ಟಿತ್ತು. ಪ್ರತಿ ಸಾಲಿನ ಮೊದಲಿಗೂ ಒಂದೇ ಕೆಂಪಕ್ಷರ, ಪ್ರತಿ ಸಾಲಿನ ಕೊನೆಗೂ ಒಂದೇ ಬಗೆಯ ಗೀಚು. ದೊಡ್ಡದು ಮಾಡಿ ನೋಡದೆ ಏನನ್ನೂ ಓದಬೇಡಿ ಎಂದು ಊರಿಗೆಲ್ಲ ಪಾಠ ಹೇಳುವ ಅಚ್ಯುತ ದೊಡ್ಡದು ಮಾಡಿ ನೋಡಲಿಲ್ಲ. 'ಯಾವುದೋ ಪ್ರಾರ್ಥನೆ ಇದ್ದ ಹಾಗಿದೆ ಆಂಟಿ, ನಮ್ಮ ಅಷ್ಟೋತ್ತರದ ಥರ' ಎಂದು ಎಡಗೈಯಲ್ಲೇ ಒತ್ತಿ ಕಳಿಸಿ, ಹಣ್ಣು ತಿಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ವಾಟ್ಸ್ಆ್ಯಪಿನಲ್ಲಿ ಆಡಿದ್ದನ್ನು ಅಳಿಸುವ ಸೌಲಭ್ಯವಾದರೂ ಇದೆ. ಆದರೆ ಅದು ಅವನಿಗೆ ಹೊಳೆಯುವ ಹೊತ್ತಿಗೆ ಆಶಾಲತಾ ಆಂಟಿ ಉತ್ತರವನ್ನು ಓದಿ, ಕಣ್ಣಿಗೊತ್ತಿಕೊಂಡು, ಕನ್ನಡ ಕೂಟದ ಗುಂಪಿಗೂ ಕಳಿಸಿಯಾಗಿತ್ತು.

ಈ ಅಚ್ಯುತನ ವಿದ್ಯೆ ಎಂಥದೆಂದು ಹೇಳದೆ ಮುಂದೆ ಹೋಗುವಂತಿಲ್ಲ. ಮೈಸೂರಿನಲ್ಲಿ ಹುಡುಗನಾಗಿದ್ದಾಗ ಪಕ್ಕದ ಬೀದಿಯ ಪಾದ್ರಿಯೊಬ್ಬರ ಹತ್ತಿರ ಚೆಸ್ ಕಲಿಯಲು ಹೋಗಿ ಲ್ಯಾಟಿನ್ ಕಲಿತು ಬಂದವನು ಅವನು. ಕುದುರೆ ನಡೆಸುವುದು ಕೊನೆಗೂ ಬರಲಿಲ್ಲ. ಬೇ ಏರಿಯಾದ ಕನ್ನಡಿಗರೆಲ್ಲ ಕಂಪ್ಯೂಟರಿನಿಂದ ಅನ್ನ ತಿನ್ನುತ್ತಿದ್ದರೆ ಇವನೊಬ್ಬ ಸತ್ತ ಲಿಪಿಕಾರರಿಂದ ತಿನ್ನುತ್ತಿದ್ದ. ಆ ಲಿಪಿಕಾರರು ಬರೆಯುತ್ತಿದ್ದುದು ಕರುವಿನ ಚರ್ಮವನ್ನು ಹದಮಾಡಿ ಎಳೆದು ಒಣಗಿಸಿದ ಹಾಳೆಯ ಮೇಲೆ. ಚರ್ಮ ದುಬಾರಿ, ಜಾಗ ಕಡಿಮೆ. ಅದಕ್ಕಾಗಿ ಅವರು ಮಾತುಗಳ ಕೈಕಾಲು ಕತ್ತರಿಸಿ ಬರೆದರು. ಪಿ ಅಕ್ಷರದ ಬಾಲಕ್ಕೆ ಅಡ್ಡಗೀಟು ಎಳೆದರೆ ಒಂದು ಮಾತು, ಅದರ ತಲೆಯ ಮೇಲೆ ಎಳೆದರೆ ಇನ್ನೊಂದು. ನಮ್ಮ ಅಜ್ಜಂದಿರು ಕಾಗದದ ನೆತ್ತಿಯಲ್ಲಿ 'ಉ. ಕು. ಸಾಂ.' ಎಂದು ಗೀಚಿ ಉಭಯ ಕುಶಲೋಪರಿಯನ್ನೆಲ್ಲ ಅಷ್ಟರಲ್ಲೇ ಮುಗಿಸುತ್ತಿದ್ದರಲ್ಲ, ಹಾಗೆ. ಗೊತ್ತಿದ್ದವನಿಗೆ ಅದು ಮಾತು, ಗೊತ್ತಿಲ್ಲದವನಿಗೆ ಇರುವೆ ಸಾಲು.

ಇಂಥ ಇರುವೆ ಸಾಲುಗಳನ್ನು ಬಿಡಿಸಿ ಓದುವುದನ್ನು ಅಚ್ಯುತ ಬರ್ಕ್ಲಿಯ ಒಂದು ಪುಟ್ಟ ಅಧ್ಯಯನ ಕೇಂದ್ರದಲ್ಲಿ ವಾರಕ್ಕೊಂದು ಸಂಜೆ ಕಲಿಸುತ್ತಿದ್ದ. ಯಾರು ಬೇಕಾದರೂ ಬರಬಹುದಾಗಿತ್ತು, ಆದ್ದರಿಂದ ಯಾರೂ ಬರುತ್ತಿರಲಿಲ್ಲ. ಬಂದವರು ಪಿ ಅಕ್ಷರದ ಬಾಲ ಮುಗಿದು ತಲೆ ಶುರುವಾಗುವ ಹೊತ್ತಿಗೆ ಯೋಗದ ಕ್ಲಾಸಿಗೆ ಸೇರಿಕೊಳ್ಳುತ್ತಿದ್ದರು. ಈ ಬೇಸಿಗೆಯ ನಂತರ ಕ್ಲಾಸು ಇರುವುದಿಲ್ಲವೆಂದು ಕೇಂದ್ರದವರು ತಿಳಿಸಿದ್ದರು. ಯಾರಾದರೂ ದತ್ತಿ ಇಟ್ಟರೆ ಮಾತ್ರ ನೋಡಬಹುದು ಎಂದಿದ್ದರು. ಮನೆಯ ಬಾಡಿಗೆಯನ್ನು ಸಾಂಟಾ ಕ್ಲಾರಾದ ಚಿಪ್ ಕಂಪನಿಯಲ್ಲಿ ದುಡಿಯುವ ಹೆಂಡತಿ ಪ್ರಭಾ ಕಟ್ಟುತ್ತಿದ್ದುದರಿಂದ ಅಚ್ಯುತ ಬೀದಿಗೇನೂ ಬೀಳುತ್ತಿರಲಿಲ್ಲ. ಆದರೆ ಆ ಒಂದು ಸಂಜೆ ಹೋದರೆ ಅವನಿಗೆ ಬೆಳಿಗ್ಗೆ ಏಳುವುದಕ್ಕೆ ಕಾರಣವೇ ಇರುತ್ತಿರಲಿಲ್ಲ.

ಆ ಕ್ಲಾಸಿನಲ್ಲಿ ಕೊನೆಯವರೆಗೂ ಉಳಿದವರು ಒಬ್ಬರೇ, ಆಶಾಲತಾ ಅವರ ಗಂಡ ರಾಮನಾಥ ಪೈ. ಮಂಗಳೂರಿನವರು, ನಿವೃತ್ತ ದಂತವೈದ್ಯರು. ಬಾಯಿ ತೆರೆಸಿ ಹಲ್ಲು ನೋಡುವ ಹಾಗೆಯೇ ಪುಟದ ಮೇಲೆ ಬಗ್ಗಿ, ತಲೆ ಓರೆಮಾಡಿ, ಪ್ರತಿ ಅಕ್ಷರವನ್ನೂ ಹಿಂದೆ ಮುಂದೆ ನೋಡುತ್ತಿದ್ದರು. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎನ್ನುತ್ತಿದ್ದರು. ನೀನು ಮಾಡುವ ಕೆಲಸ ಎಂಥದು ಎಂದು ಇಡೀ ಬೇ ಏರಿಯಾದಲ್ಲಿ ಅಚ್ಯುತನನ್ನು ಕೇಳಿದ ಕನ್ನಡಿಗರು ಅವರೊಬ್ಬರೇ. ಮಿಕ್ಕವರು ಡಾಕ್ಟರ ಚೀಟಿ ಓದಿಸಿಕೊಂಡು ಹೋಗುತ್ತಿದ್ದರು.

ಒಂದು ದಿನ ಪೈಗಳು ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಹಾಳೆ ಕೊಂಡೆನೆಂದು ಹೇಳಿ, ಅದನ್ನು ತೋರಿಸದೆ ನಕ್ಕಿದ್ದರು. ಪೂರ್ತಿ ತಾನೇ ಓದಿದ ಮೇಲೆಯೇ ಗುರುಗಳಿಗೆ ತೋರಿಸುವುದು ಎಂದಿದ್ದರು. ಆಮೇಲೆ ಆಸ್ಪತ್ರೆ ಸೇರಿದರು. ಓದಿ ತೋರಿಸುವ ದಿನ ಬರಲೇ ಇಲ್ಲ. ಅವರು ಹೋದ ಮೇಲೆ ಹಲವು ವಾರ ಅಚ್ಯುತ ಖಾಲಿ ಕೋಣೆಯಲ್ಲಿ ಒಬ್ಬನೇ ಕೂತು, ಹೊತ್ತು ಮುಗಿದ ಮೇಲೆ ದೀಪ ಆರಿಸಿ ಮನೆಗೆ ಬರುತ್ತಿದ್ದ.

ಫೋಟೋ ಬಂದ ಮರುದಿನ ಆಂಟಿಯ ಫೋನು ಬಂತು. ವರ್ಷದ ಕ್ರಿಯೆಗಳನ್ನು ಮಗ ಊರಿನಲ್ಲೇ ಮುಗಿಸಿದ್ದಾನೆ, ಇಲ್ಲಿ ಭಾನುವಾರ ಪರಿಚಯದವರಿಗೆಲ್ಲ ಭಜನೆ ಮತ್ತು ಊಟ, ಅಂದು ಆ ಪ್ರಾರ್ಥನೆಯನ್ನು ನೀನೇ ಬಂದು ಎಲ್ಲರೆದುರು ಓದಬೇಕು ಎಂದರು. ಹಾಳೆಯನ್ನು ದೇವರ ಕೋಣೆಯಲ್ಲಿ ಇಟ್ಟಿದ್ದೇನೆ ಎಂದರು. ಆಮೇಲೆ, "ನಿನ್ನ ಕ್ಲಾಸು ಇವರ ಹೆಸರಲ್ಲಿ ನಡೀಬೇಕು ಅಂತ ಹೋಗುವ ಮೊದಲು ಹೇಳಿದ್ರು. ಭಾನುವಾರ ಊಟ ಆದ ಮೇಲೆ ಕೂತು ಮಾತಾಡುವ, ಆಯ್ತಾ?" ಎಂದರು.

ಅಚ್ಯುತ ಫೋನಿಟ್ಟವನೇ ಪ್ರಭಾಳನ್ನು ಎತ್ತಿ ತಿರುಗಿಸಲು ಹೋಗಿ ಸೊಂಟ ಹಿಡಿಸಿಕೊಂಡ. ಕರುವಿನ ಚರ್ಮ ಮಾಧ್ವರ ಮನೆಯ ದೇವರ ಕೋಣೆಯೊಳಗೆ ಹೋಗಿದೆ ಎಂಬ ಸಂಗತಿ ಅವನಿಗೆ ಒಮ್ಮೆ ಹೊಳೆಯಿತು. ಅದನ್ನು ಯೋಚಿಸಬಾರದೆಂದು ತೀರ್ಮಾನಿಸಿ ಸೊಂಟಕ್ಕೆ ಮುಲಾಮು ಹಚ್ಚಿಕೊಂಡ.

ಭಾನುವಾರ ಪ್ರಭಾಳಿಗೆ ಆಫೀಸಿನ ಕೆಲಸ ಮುಗಿದಿರಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಬನ್ನಿ ಎಂದು ಹೇಳಿ ಅವನೊಬ್ಬನನ್ನೇ ಕಳಿಸಿದಳು. ಅಚ್ಯುತ ಇಸ್ತ್ರಿ ಮಾಡಿದ ಜುಬ್ಬ ತೊಟ್ಟು, ಬರ್ಕ್ಲಿ ಬೆಟ್ಟದ ಸುರಂಗ ದಾಟಿ, ಸಿಕ್ಸ್ ಎಯ್ಟಿ ಫ್ರೀವೇ ಹಿಡಿದು, ದಾರಿಯುದ್ದಕ್ಕೂ ಮುಂದಿನ ವರ್ಷದ ಪಾಠಗಳನ್ನು ಮನಸ್ಸಿನಲ್ಲೇ ಜೋಡಿಸುತ್ತ ಹೋದ.

ಬಾಗಿಲಲ್ಲೇ ಜಯರಾಮ್ ಸಿಕ್ಕರು. ಕನ್ನಡ ಕೂಟದ ಹಳೆಯ ಅಧ್ಯಕ್ಷರು. ಬೆಂಗಳೂರಿನವರು, ಚಿಪ್ ಡಿಸೈನ್ ಮಾಡಿ ನಿವೃತ್ತರಾದವರು. ಯಾರ ಮನೆಯ ಕಾರ್ಯವಾದರೂ ಕರೆಯದೆ ಬಂದು ಯಜಮಾನಿಕೆ ವಹಿಸಿಕೊಳ್ಳುವುದು ಅವರ ಸ್ವಭಾವ. ಹಾಳೆಯ ಗಾಜಿನ ಫ್ರೇಮು ಬಿಚ್ಚಿಸಿದ್ದು ತಾವೇ, ದೇವರಿಗೂ ಭಕ್ತರಿಗೂ ನಡುವೆ ಗಾಜು ಇರಬಾರದು ಎಂದು ಹೇಳುತ್ತ ಅವನನ್ನು ಒಳಗೆ ಕರೆದೊಯ್ದರು.

ದೇವರ ಕೋಣೆಯಲ್ಲಿ, ವೆಂಕಟರಮಣನ ಪಟದ ಪಕ್ಕದಲ್ಲಿ, ಬೆಳ್ಳಿಯ ತಟ್ಟೆಗೆ ಒರಗಿ ಆ ಹಾಳೆ ಕೂತಿತ್ತು. ನಾಲ್ಕು ಮೂಲೆಗೂ ಗಂಧ, ಕುಂಕುಮ. ಐದಾರು ನೂರು ವರ್ಷ ಬೆಂಕಿ, ನೀರು, ಇಲಿ, ಯುದ್ಧ ಎಲ್ಲವನ್ನೂ ತಪ್ಪಿಸಿಕೊಂಡು ಬಂದದ್ದು ಸ್ಯಾನ್ ರಮೋನಿನಲ್ಲಿ ಸಿಕ್ಕಿಬಿದ್ದಿತ್ತು. ಅಚ್ಯುತ ಕನ್ನಡಕ ಸರಿಮಾಡಿಕೊಂಡು ಬಗ್ಗಿದ, ಮತ್ತು ಮೊದಲ ಬಾರಿಗೆ ಅದನ್ನು ಓದಿದ.

ಸಾಲಿನ ಮೊದಲ ಕೆಂಪಕ್ಷರ ದೇವರನ್ನು ಕರೆಯುವುದಾಗಿರಲಿಲ್ಲ. ಲೆಕ್ಕ ಬರೆಯುವವರು ಪ್ರತಿ ಸಾಮಾನಿನ ಮುಂದೆ 'ಮತ್ತೆ' ಎಂದು ಹಾಕುವ ಗುರುತು ಅದು. ಕೊನೆಯ ಗೀಚು ಕಾಸಿನ ಗುರುತು. ನಡುವೆ ಇದ್ದದ್ದು ಪಿ ಅಕ್ಷರದಿಂದ ಶುರುವಾಗುವ, ಮೇಲೆ ಗೀಟೆಳೆದು ಮೊಟಕು ಮಾಡಿದ ಒಂದೇ ಪ್ರಾಣಿಯ ಹೆಸರು, ಸಾಲುಸಾಲಿಗೂ. ಉಪ್ಪು ಹಾಕಿದ ಹಂದಿ. ಕೊಬ್ಬಿದ ಹಂದಿ. ಹಬ್ಬಕ್ಕೆ ಹಂದಿಮರಿ. ಹಂದಿ ಕಡಿದವನಿಗೆ ಕೂಲಿ. ಯಾವುದೋ ಮಠದ ಅಡಿಗೆಮನೆಯ ಲೆಕ್ಕ. ಸಂನ್ಯಾಸಿಗಳು ಚೆನ್ನಾಗಿ ಉಂಡಿದ್ದರು.

ಅಚ್ಯುತ ಮೇಲೆದ್ದಾಗ ಅವನ ಮುಖ ನೋಡಿದ ಜಯರಾಮ್, ಒಳ್ಳೇ ವೈಬ್ರೇಷನ್ನು ಬರುತ್ತಿದೆ ಅಲ್ಲವೇ ಎಂದು ಕೇಳಿದರು.

ಆಂಟಿಗೆ ಒಬ್ಬರಿಗೇ ಗುಟ್ಟಾಗಿ ಹೇಳಿಬಿಡೋಣವೆಂದು ಅವನು ಅಡಿಗೆಮನೆಗೆ ಓಡಿದ. ಜಯರಾಮ್ ಹಿಂದೆಯೇ ಬಂದರು. ನೀರು ಬೇಕೆಂದು ಅವರನ್ನು ಗರಾಜಿನ ಫ್ರಿಜ್ಜಿಗೆ ಕಳಿಸಿದ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎಂಬಂತೆ ಅವರು ಹಿತ್ತಿಲ ಬಾಗಿಲಿಂದ ಬಂದರು. ಜೊತೆಗೆ ತಮ್ಮ ಫೋನನ್ನು ತೆರೆದು ತೋರಿಸಿದರು. ಹಾಳೆಯ ಫೋಟೋವನ್ನು ಅವರು ಎಐ ಆ್ಯಪಿಗೆ ಹಾಕಿ ಓದಿಸಿದ್ದರಂತೆ. ಒಮ್ಮೆ ಅದು ಮೇರಿಮಾತೆಯ ಸ್ತೋತ್ರ ಎಂದಿತಂತೆ, ಇನ್ನೊಮ್ಮೆ ದ್ರಾಕ್ಷಾರಸದ ಬಿಲ್ಲು ಎಂದಿತಂತೆ, ಮತ್ತೊಮ್ಮೆ ಕುದುರೆಯ ಕೆಮ್ಮಿಗೆ ಔಷಧಿ ಎಂದಿತಂತೆ.

"ಮೂರರಲ್ಲಿ ಯಾವ್ದು ಕರೆಕ್ಟು, ಹೇಳ್ಬಿಡಿ ನೋಡೋಣ," ಎಂದರು.

ಆಂಟಿ ಕಡುಬಿನ ಪಾತ್ರೆಯಿಂದ ಕೈ ತೆಗೆದು, ಸೆರಗಿನಿಂದ ಒರಸಿಕೊಂಡು, ಅಚ್ಯುತನ ಬಾಯಿಯನ್ನೇ ನೋಡಿದರು. ಒಂದು ವರ್ಷದಿಂದ ನಿದ್ದೆ ಕಾಣದ ಕಣ್ಣುಗಳು ಅವು.

"ಮೊದಲನೇದಕ್ಕೆ ಹತ್ತಿರ," ಎಂದ ಅಚ್ಯುತ.

ಒಂದು ಸುಳ್ಳಿಗೆ ಜೊತೆ ಬೇಕಾಗುತ್ತದೆ. ಇಷ್ಟು ಕಾಲ ಬಾಳಿದೆಯಲ್ಲ, ಇದೇನು ಭೂರ್ಜಪತ್ರವೇ ಎಂದು ಜಯರಾಮ್ ಕೇಳಿದರು. ಅದೇ ಜಾತಿಯದು ಎಂದ. ಮುಟ್ಟುವ ಮೊದಲು ಮಡಿ ಬೇಕೇ ಎಂದು ಆಂಟಿ ಕೇಳಿದರು. ಯಾರೂ ಮುಟ್ಟದಿದ್ದರೆ ಒಳ್ಳೆಯದು ಎಂದ. ಇದೊಂದು ಮಾತು ಮಾತ್ರ ನಿಜವಾಗಿತ್ತು. ಅದನ್ನು ಕೇಳಿ ಆಂಟಿಯ ಭಕ್ತಿ ಇನ್ನಷ್ಟು ಹೆಚ್ಚಿತು.

ಭಜನೆ ಮುಗಿಯಿತು. ಹಾಳೆಯನ್ನು ದೇವರ ಕೋಣೆಯಿಂದ ತಂದು ನಡುಮನೆಯಲ್ಲಿ ಪೈಗಳ ಫೋಟೋದ ಮುಂದೆ ಮಣೆಯ ಮೇಲಿಟ್ಟರು. ಆರತಿಯ ಜ್ವಾಲೆ ಹಾಳೆಯ ತೀರ ಹತ್ತಿರ ಬಂದಾಗ ಅಚ್ಯುತ ಎರಡೂ ಕೈ ಅಡ್ಡ ಹಿಡಿದು ಬೆರಳು ಸುಟ್ಟುಕೊಂಡ. ಅವನು ಆರತಿ ತೆಗೆದುಕೊಳ್ಳುವ ರೀತಿಯೇ ಹೀಗೆಂದು ಭಾವಿಸಿ ಹಿಂದಿದ್ದವರೆಲ್ಲ ಹಾಗೆಯೇ ಎರಡೂ ಕೈ ಒಡ್ಡಿದರು. ಅಷ್ಟರಲ್ಲಿ ಜಯರಾಮ್ ಹೂವಿನ ಬುಟ್ಟಿ ಹಿಡಿದು ಎದ್ದು ನಿಂತರು. ಅಚ್ಯುತ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುವುದು, ತಾವು ನಮಃ ಎನ್ನುವುದು, ಆಂಟಿ ಸಾಲಿಗೊಂದು ಹೂವು ಏರಿಸುವುದು ಎಂದು ಅವರೇ ನಿರ್ಧರಿಸಿ ಅವರೇ ಪ್ರಕಟಿಸಿದರು.

ಸಾಲಿಗೊಂದು ಹೂವು ಎಂದರೆ ಹಂದಿಗೊಂದು ಹೂವು.

ನಿಜ ಹೇಳಿಬಿಡುವುದೆಂದು ಅವನು ಎದ್ದು ನಿಂತ. ಬಾಯಿ ಕೂಡ ತೆರೆದ. ಎದುರಿಗೆ ಫೋಟೋದ ಕೆಳಗೆ 'ದಿ|| ರಾಮನಾಥ ಪೈ' ಎಂದು ಅಚ್ಚು ಹಾಕಿಸಿದ್ದರು. ಮಾತನ್ನು ಮೊಟಕು ಮಾಡುವ ಗೀಟುಗಳನ್ನು ಜೀವಮಾನವಿಡೀ ಬಿಡಿಸಿ ಓದಿದವನು ಅವನು. ಅಷ್ಟು ದೊಡ್ಡ ಮನುಷ್ಯನನ್ನು ಒಂದಕ್ಷರ, ಎರಡು ಗೀಟಿನಲ್ಲಿ ಮುಗಿಸಿದ್ದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಫೋಟೋದ ಪಕ್ಕದಲ್ಲಿ ಆಂಟಿ ಕೈಯಲ್ಲೊಂದು ಸೇವಂತಿಗೆ ಹಿಡಿದು, ಮೊದಲ ಸಾಲಿಗಾಗಿ ಕಾಯುತ್ತಿದ್ದರು. ಈ ವಿಧವೆಯ ಕೈಯ ಹೂವನ್ನು ಉಪ್ಪು ಹಾಕಿದ ಹಂದಿಗೆ ಏರಿಸಿ ಎನ್ನುವುದು ಹೇಗೆ? ಹಾಗೆಂದ ಮೇಲೆ ಕ್ಲಾಸಿನ ಮಾತು ಎತ್ತುವುದು ಹೇಗೆ?

"ಬಾಗಿಲಿಗೆ ಬಂದವರಿಗೆ ಅನ್ನವಿಟ್ಟವನೇ," ಎಂದು ಓದಿದ. ಅಡಿಗೆಮನೆಯ ಲೆಕ್ಕವಾದ್ದರಿಂದ ಅನ್ನದ ಮಾತು ಪೂರ್ತಿ ಸುಳ್ಳಲ್ಲವೆಂದು ಸಮಾಧಾನ ಮಾಡಿಕೊಂಡ.

ಜಯರಾಮ್ ನಮಃ ಎಂದರು. ಹೂವು ಬಿತ್ತು.

ಹಬ್ಬದ ಹಂದಿಮರಿಗೆ, ಹಸಿದ ಮಕ್ಕಳನ್ನು ಮರೆಯದವನೇ ಎಂದ. ಕಡಿದವನ ಕೂಲಿಗೆ, ದುಡಿದವನ ಬೆವರು ಬಲ್ಲವನೇ ಎಂದ. ಅಲ್ಲಿಗೆ ಅವನ ಸರಕು ಖಾಲಿಯಾಯಿತು. ಹಂದಿಗಳು ಇನ್ನೂ ಬಹಳ ಇದ್ದವು. ಮುಂದಿನ ಸಾಲಿಗೆ ಬೆರಳಿಟ್ಟು ದಿಕ್ಕು ತೋಚದೆ ತಲೆ ಎತ್ತಿದವನಿಗೆ ಕಂಡದ್ದು ಪೈಗಳ ಮುಖ. ಹಿಂದಿನ ಬೆಂಚಿನಲ್ಲಿ ಕೂತು, ಎಷ್ಟು ಹೊತ್ತಾದರೂ ಪರವಾಗಿಲ್ಲ, ಯೋಚಿಸಿ ಹೇಳಿ ಎನ್ನುವಂತೆ ಇರುತ್ತಿದ್ದ ಅದೇ ಮುಖ.

"ಎಲ್ಲರೂ ಎದ್ದು ಹೋದ ಮೇಲೂ ಹಿಂದಿನ ಸಾಲಿನಲ್ಲಿ ಕೂತಿದ್ದವನೇ," ಎಂದ ಅಚ್ಯುತ.

ಇದಾದ ಮೇಲೆ ಅವನಿಗೆ ಹುಡುಕಬೇಕಾಗಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದವನೇ. ಕೇಳುವವರಿಲ್ಲದ ಮಾತನ್ನು ಕಿವಿಗೊಟ್ಟು ಕೇಳಿದವನೇ. ನೋವಾಗದ ಹಾಗೆ ಮುಟ್ಟುವ ಕೈಯವನೇ. ಇಲ್ಲಿ ಪೈಗಳಿಂದ ಹಲ್ಲು ಕೀಳಿಸಿಕೊಂಡ ಇಬ್ಬರು ಮೂವರು ಒಟ್ಟಿಗೇ ಕಣ್ಣೊರಸಿಕೊಂಡರು. ಹೇಳದೆ ಹೋದವನೇ, ನೀನಿಲ್ಲದ ಕೋಣೆಯಲ್ಲಿ ದೀಪ ಆರಿಸಲು ನನ್ನನ್ನೊಬ್ಬನನ್ನೇ ಬಿಟ್ಟವನೇ. ಒಂದು ವರ್ಷದಿಂದ ಎಲ್ಲೂ ಅಳದೆ ಇಟ್ಟುಕೊಂಡದ್ದನ್ನು ಅಚ್ಯುತ ಹಂದಿಯ ಲೆಕ್ಕದ ಮುಂದೆ ಅತ್ತ. ನಡುಮನೆಯಲ್ಲಿ ಎಲ್ಲರೂ ಅತ್ತರು. ಜಯರಾಮ್ ನಮಃ ಎನ್ನಲಾಗದೆ ಮೂಗು ಒರಸಿಕೊಂಡರು.

ಹಾಳೆ ಹೂವಿನಡಿ ಮುಚ್ಚಿಹೋಯಿತು. ಯಾರೋ ಒಬ್ಬರು, ಅಷ್ಟು ಚಿಕ್ಕ ಸಾಲಿನೊಳಗೆ ಇಷ್ಟು ದೊಡ್ಡ ಮಾತು ಹೇಗೆ ಹಿಡಿಸಿತು ಎಂದು ಕೇಳಿದರು. ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕಿದ್ದ ಅಚ್ಯುತ ಅಳುವಿನ ಭರದಲ್ಲಿ ಒಂದು ಪಾಠವನ್ನೇ ಮಾಡಿದ. ಒಂದು ಗೀಟಿನ ಹಿಂದೆ ಇಡೀ ವಾಕ್ಯವೇ ಅಡಗಿರಬಹುದು, ಕಣ್ಣಿಗೆ ಕಾಣುವ ಅಕ್ಷರವನ್ನು ನಂಬಬಾರದು, ತಿಳಿದವನು ಹೇಳಿದ್ದೇ ಅರ್ಥ ಎಂದ. ಎಲ್ಲರೂ ತಲೆದೂಗಿದರು.

ಊಟವಾಯಿತು. ಬಂದವರು ಒಬ್ಬೊಬ್ಬರಾಗಿ ಬಂದು ಅಚ್ಯುತನ ಕೈ ಹಿಡಿದು, ಇಂಥ ಅನುಭವ ತಮಗೆ ಆಗಿರಲಿಲ್ಲವೆಂದು ಹೇಳಿ ಹೊರಟರು. ಜಯರಾಮ್ ಮಾತ್ರ ಮಣೆಯ ಪಕ್ಕದ ಸೋಫಾದಲ್ಲಿ ಫೋನು ಒತ್ತುತ್ತ ಉಳಿದರು. ಆಂಟಿ ಅಡಿಗೆಮನೆಯಲ್ಲಿ ಪ್ರಭಾಳಿಗೆಂದು ಡಬ್ಬಿಗೆ ಕಡುಬು ತುಂಬುತ್ತ ಅಚ್ಯುತನನ್ನು ಕರೆದು, ಕೂರಲು ಸ್ಟೂಲು ತೋರಿಸಿದರು. ಅವನು ಕೈಕಟ್ಟಿ ಕೂತ.

"ನಿನಗೊಂದು ವಿಷಯ ಹೇಳ್ತೇನೆ," ಎಂದರು ಆಂಟಿ. "ಆ ಹಾಳೆಯನ್ನು ಇವರು ಓದಿ ಮುಗಿಸಿದ್ರು, ಗೊತ್ತುಂಟಾ? ಆಸ್ಪತ್ರೆಯಲ್ಲಿ ಮಲಗಿ ನನಗೆ ಒಪ್ಪಿಸ್ತಿದ್ರು, ಉಪ್ಪು ಹಾಕಿದ ಹಂದಿ, ಕೊಬ್ಬಿದ ಹಂದಿ, ಹಬ್ಬಕ್ಕೆ ಮರಿ, ಕಡಿದವನಿಗೆ ಕೂಲಿ ಅಂತ. ಹುಷಾರಾದ ಕೂಡಲೇ ಹೋಗಿ ಅಚ್ಯುತನಿಗೆ ಓದಿ ತೋರಿಸ್ಬೇಕು ಅಂತ ಎಷ್ಟು ಖುಷಿ ಅವರಿಗೆ. ಈ ಪ್ರಾಯದಲ್ಲಿ ಒಂದು ವಿದ್ಯೆ ಬಂತಲ್ಲ ಆಶಾ, ಆ ಕ್ಲಾಸು ನಿಲ್ಲಬಾರದು ಅಂದ್ರು."

ಆಂಟಿ ಮುಂದುವರಿಸಿದರು. ಒಂದು ವರ್ಷ ಅವರ ಮನಸ್ಸಿಗೆ ನೆಮ್ಮದಿ ಇರಲಿಲ್ಲವಂತೆ. ಸಾಯುವ ಮನುಷ್ಯನ ಬಾಯಲ್ಲಿ ಕೊನೆಗೆ ಬಂದದ್ದು ಹಂದಿಯ ಹೆಸರಾಯಿತಲ್ಲ ಎಂದು ಕೊರಗಿದರಂತೆ. ಕೊನೆಗೆ ತಡೆಯಲಾರದೆ ಅಚ್ಯುತನಿಗೆ ಫೋಟೋ ಕಳಿಸಿ ಕೇಳಿದ್ದರು. ಪ್ರಾರ್ಥನೆ ಎಂದು ಅವನು ಬರೆದಾಗಲೂ ಪೂರ್ತಿ ನಂಬಿಕೆ ಬರಲಿಲ್ಲ. ಈಗ ಸಾಲುಸಾಲಾಗಿ ಕೇಳಿದ ಮೇಲೆ ಬಂತು.

"ಇವರು ಓದಿದ್ದು ದೇವರನ್ನೇ. ಆದ್ರೆ ಪಾಪ, ಅವರಿಗೆ ಅದು ಹಂದಿ ಅಂತ ಕಂಡಿತು," ಎಂದರು. "ತಪ್ಪು ನಿನ್ನದಲ್ಲ ಮಾರಾಯ, ಅವರ ತಲೆಗೆ ಹತ್ತಲಿಲ್ಲ. ಅಷ್ಟು ಕಾಲ ಬಂದು ಕೂತವರಿಗೇ ಹತ್ತಲಿಲ್ಲ ಅಂದ್ರೆ ಅದು ಕಲಿಸಿ ಬರುವ ವಿದ್ಯೆ ಅಲ್ಲ ಅಂತ ಕಾಣ್ತದೆ. ಅವರಿಗೆ ಬಾರದ ವಿದ್ಯೆಗೆ ಅವರ ಹೆಸರಿಡ್ಲಿಕ್ಕೆ ನನಗೆ ಮನಸ್ಸಿಲ್ಲ, ಜನ ನಗಾಡ್ತಾರೆ. ಅನ್ನವಿಟ್ಟವನೇ ಅಂತ ನೀನು ಓದಿದ್ದನ್ನು ಕೇಳಿ ಜಯರಾಮರೇ ಹೇಳಿದ್ರು, ಆ ದುಡ್ಡನ್ನು ದೇವಸ್ಥಾನದ ಅಡಿಗೆಮನೆಗೆ ಕೊಡಿ ಅಂತ. ಅದಕ್ಕೆ ಒಪ್ಪಿದೆ. ನಿನಗೆ ಬೇಸರ ಇಲ್ಲ ಅಲ್ವಾ?"

ಅಚ್ಯುತನಿಗೆ ಆ ಗಳಿಗೆಯಲ್ಲಿ ಕ್ಲಾಸಿನ ನೆನಪಾಗಲಿಲ್ಲ ಎಂದರೆ ನೀವು ನಂಬಬೇಕು. ಅವನ ತಲೆಯಲ್ಲಿ ಇದ್ದದ್ದು ಒಂದೇ. ಉಪ್ಪು ಹಾಕಿದ್ದು, ಕೊಬ್ಬಿದ್ದು, ಮರಿ, ಕೂಲಿ. ಒಂದೂ ತಪ್ಪಿಲ್ಲ. ಕಷ್ಟದ ಅಕ್ಷರ, ಅವಸರದ ಕೈಬರಹ, ಮೊಟಕಿನ ಮೇಲೆ ಮೊಟಕು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಮುದುಕ ಅದನ್ನು ಒಬ್ಬನೇ ಬಿಡಿಸಿದ್ದ. ಅಚ್ಯುತ ತನ್ನ ಜೀವಮಾನದಲ್ಲಿ ತಯಾರು ಮಾಡಿದ ಒಬ್ಬನೇ ಓದುಗ. ಅವನನ್ನು ದಡ್ಡನೆಂದು ಮನೆಯವರ ಮುಂದೆ, ಊರವರ ಮುಂದೆ, ಹೂವೇರಿಸಿ ಸಾಬೀತು ಮಾಡಿದ್ದು ಗುರುವೇ.

"ಆಂಟಿ," ಎಂದ. "ಸರ್ ಓದಿದ್ದೇ ಸರಿ. ಅದು ಹಂದಿ ಲೆಕ್ಕಾನೇ. ನಾನು ಓದಿದ್ದು ಸುಳ್ಳು. ನೀವು ಬೇಜಾರು ಮಾಡ್ಕೋತೀರಿ ಅಂತ, ಕ್ಲಾಸು ಹೋಗುತ್ತೆ ಅಂತ, ನಾನೇ ಕಟ್ಟಿ ಹೇಳ್ದೆ. ಅದು ಭೂರ್ಜಪತ್ರಾನೂ ಅಲ್ಲ, ಕರುವಿನ ಚರ್ಮ. ಸರ್‌ಗೆ ಎಲ್ಲಾ ಗೊತ್ತಿತ್ತು. ಅವರಷ್ಟು ಚೆನ್ನಾಗಿ ನಾನೂ ಓದ್ತಿರಲಿಲ್ಲ."

ಆಂಟಿ ಅವನನ್ನೇ ನೋಡಿದರು. ನಿಧಾನವಾಗಿ ಅವರ ಕಣ್ಣು ತುಂಬಿತು. ಬಯ್ಯುತ್ತಾರೆ, ಹೊಡೆಯುತ್ತಾರೆ, ಮನೆಯಿಂದ ಹೊರಗೆ ಹಾಕುತ್ತಾರೆ ಎಂದು ಅಚ್ಯುತ ತಲೆ ತಗ್ಗಿಸಿ ಕಾದ. ಅವರು ಬಂದು ಅವನ ತಲೆ ಸವರಿದರು.

"ಅವರ ಮರ್ಯಾದೆ ಉಳಿಸ್ಲಿಕ್ಕೆ ನೀನು ನಿನ್ನ ಮರ್ಯಾದೆ ಕಳ್ಕೊಳ್ಳಿಕ್ಕೆ ಹೊರಟೆಯಲ್ಲ," ಎಂದರು. "ಹೆತ್ತ ಮಕ್ಕಳೂ ಇಷ್ಟು ಮಾಡುವುದಿಲ್ಲ."

ಅಲ್ಲ ಆಂಟಿ, ಬನ್ನಿ ತೋರಿಸುತ್ತೇನೆ ಎಂದು ಅವನು ಅವರನ್ನು ನಡುಮನೆಗೆ ಎಳೆದುಕೊಂಡೇ ಹೋದ. ಹೂವುಗಳನ್ನು ಸರಿಸಿ, ಇದು ಪಿ, ಈ ಮಾತಿನ ಮೇಲೆ ಗೀಟು, ಇದೇ ಹಂದಿ ಎಂದು ಬೆರಳಿಟ್ಟು ತೋರಿಸಿದ. ಆಂಟಿ ಬಗ್ಗಿ ನೋಡಿ, ಅವರಿಗೆ ಕಂಡ ಇರುವೆ ಸಾಲಿಗೆ ಕೈಮುಗಿದರು. ಕಣ್ಣಿಗೆ ಕಾಣುವ ಅಕ್ಷರವನ್ನು ನಂಬಬಾರದು ಎಂದು ಆಗಲೇ ನೀನೇ ಹೇಳಿದೆಯಲ್ಲ ಎಂದು ಮೆಲ್ಲಗೆ ನೆನಪಿಸಿದರು.

ಅಚ್ಯುತ ದಿಕ್ಕೆಟ್ಟು ಜಯರಾಮರ ಕಡೆ ತಿರುಗಿದ. ಬೇಡ ಬೇಡವೆಂದು ಇಷ್ಟು ಹೊತ್ತು ದೂರವಿಟ್ಟಿದ್ದ ಆ್ಯಪನ್ನು ಈಗ ಅವನೇ ಬೇಡಿದ, ಇನ್ನೊಮ್ಮೆ ಕೇಳಿ ನೋಡಿ ಎಂದ. ಜಯರಾಮ್ ಹೆಮ್ಮೆಯಿಂದ ಫೋನು ಮುಂದೆ ಹಿಡಿದರು.

"ಆಗ್ಲೇ ಕೇಳಿದೀನಿ ಸರ್. ನೀವು ಓದಿದ್ದನ್ನ ಪೂರ್ತಿ ರೆಕಾರ್ಡ್ ಮಾಡಿದ್ನಲ್ಲ, ಅದನ್ನೂ ಅದಕ್ಕೆ ಕೊಟ್ಟೆ. ಈಗ ನೂರಕ್ಕೆ ನೂರು ಪ್ರಾರ್ಥನೆ ಅಂತ ಒಪ್ಕೊಂಡ್ಬಿಟ್ಟಿದೆ. ನಿಮ್ಮನ್ನ ದೊಡ್ಡ ಸ್ಕಾಲರ್ ಅಂತ ಬೇರೆ ಹೇಳ್ತಿದೆ."

ಹೊರಡುವಾಗ ಆಂಟಿ ಬಾಗಿಲವರೆಗೆ ಬಂದರು. ಅವರ ಮುಖದ ಮೇಲೆ ಒಂದು ವರ್ಷದಲ್ಲಿ ಕಾಣದ ಶಾಂತಿ ಇತ್ತು. ಪ್ರತಿ ವರ್ಷ ಈ ದಿನ ಅವನೇ ಬಂದು ಓದಬೇಕು, ಬೇರೆ ಯಾರು ಓದಿದರೂ ತನಗೆ ಸಮಾಧಾನವಿಲ್ಲ ಎಂದರು. ಅಚ್ಯುತ ಆಗಲಿ ಎಂದ. ಜಯರಾಮ್ ರೆಕಾರ್ಡಿಂಗನ್ನು ಕಳಿಸಿಕೊಡುವುದಾಗಿ ಹೇಳಿ, ಮುಂದಿನ ವರ್ಷ ಒಂದಕ್ಷರವೂ ಬದಲಾಗಬಾರದು ಎಂದು ಪ್ರೀತಿಯಿಂದ ಎಚ್ಚರಿಸಿದರು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಪ್ರಭಾ ಲ್ಯಾಪ್‌ಟಾಪು ಮುಚ್ಚಿ ಎದುರಿಗೆ ಬಂದು ಏನಾಯಿತೆಂದು ಕೇಳಿದಳು.

"ನನ್ನ ಕ್ಲಾಸಲ್ಲಿ ಒಬ್ರು ಓದೋದು ಕಲ್ತಿದ್ರು ಕಣೆ," ಎಂದ ಅಚ್ಯುತ. "ನಂಗೆ ಗೊತ್ತೇ ಇರ್ಲಿಲ್ಲ. ಒಂದಕ್ಷರ ತಪ್ಪಿಲ್ದೆ ಓದಿದ್ರು."

ಪ್ರಭಾಳ ಮುಖ ಅರಳಿತು. "ಹಾಗಾದ್ರೆ ಇನ್ನೇನ್ರೀ ಯೋಚ್ನೆ? ಅವರನ್ನೇ ಕರ್ಕೊಂಡ್ ಹೋಗಿ ಆಂಟಿ ಮುಂದೆ ಓದಿಸಿ. ಕ್ಲಾಸು ಉಳ್ಕೊಳ್ಳುತ್ತೆ."

ಅಚ್ಯುತ ಕಡುಬಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟ. ಆಮೇಲೆ ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ, ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಅತ್ತ.